ನಿಮ್ಮ ಓಲೆ, ಮಾಸ್ತರರ ಉತ್ತರ: ಸಣ್ಣ ನಾಡಿನ ಅರ್ಜಿಯನ್ನು ಯಾರು ಒಯ್ಯಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಮೂರನ್ನು ಮಾತ್ರ ಎತ್ತಿಕೊಂಡಿದ್ದೇನೆ. ಭಾಲ್ಕಿಯ ತಾಯಿಯ ಪತ್ರ ಓದಿದ ಮೇಲೆ ಎರಡು ದಿನ ನನಗೆ ಬೇರೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಉಳಿದೆರಡು ಪತ್ರಗಳೂ ಅದೇ ವಿಷಯಕ್ಕೆ ಬಂದು ಸೇರುತ್ತವೆ. ಪಿಂಚಣಿ, ಪಹಣಿಯ ಪ್ರಶ್ನೆ ಕೇಳಿದವರು ಬೇಸರ ಮಾಡಿಕೊಳ್ಳಬಾರದು, ಮುಂದಿನ ಸಂಚಿಕೆಯಲ್ಲಿ ನಿಮ್ಮ ಪಾಳಿ.

*

ಪ್ರಶ್ನೆ: ಮಾಸ್ತರರಿಗೆ ಶರಣು. ನನ್ನ ಮಗಳು ಬೀದರಿನಲ್ಲಿ ನರ್ಸಿಂಗ್ ಓದಿದವಳು. ಈಗ ಮೂರು ವರ್ಷದಿಂದ ಬ್ರಿಟಿಷ್ ವರ್ಜಿನ್ ದ್ವೀಪಗಳ ಟೊರ್ಟೋಲಾ ಎಂಬಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಆಕೆಯ ಬಾಡಿಗೆ ಮನೆಯ ಒಡತಿ, ಎಪ್ಪತ್ತು ದಾಟಿದ ಹಿರಿಯಾಕೆ, ಒಂದು ದಿನ ಕೇಳಿದರಂತೆ: “ನಿಮ್ಮ ದೇಶವೂ ಬ್ರಿಟಿಷರ ಕೈಯಲ್ಲಿತ್ತು. ನಿಮ್ಮ ಭಾರತ ನಮ್ಮ ಪರವಾಗಿ ಒಂದು ಮಾತು ಹೇಳುವುದಿಲ್ಲವೇ?” ಮಗಳಿಗೆ ಉತ್ತರ ಹೊಳೆಯಲಿಲ್ಲ, ನನಗೂ ತಿಳಿಯದು. ಇನ್ನೂ ವಸಾಹತುಗಳು ಉಳಿದಿವೆಯೇ? ಮನೆಯ ಜಗಳಕ್ಕೆ ಹೊರಗಿನವರನ್ನು ಕರೆಯುವುದು ಸರಿಯೇ?
— ಒಬ್ಬ ತಾಯಿ, ಭಾಲ್ಕಿ ತಾಲ್ಲೂಕು

ಉತ್ತರ: ಶರಣು ತಂಗಿ. ನಿಮ್ಮ ಕೊನೆಯ ಪ್ರಶ್ನೆಯೇ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ವಸಾಹತುಗಳು ಉಳಿದಿವೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇಂದಿಗೂ 17 ಪ್ರದೇಶಗಳಿವೆ. ಆ ಪಟ್ಟಿಗೆ ‘ಸ್ವಯಮಾಡಳಿತವಿಲ್ಲದ ಪ್ರದೇಶಗಳು’ ಎಂದು ಹೆಸರು. ಕೆರಿಬಿಯನ್ ಸೀಮೆಯಲ್ಲಿ ನಿಮ್ಮ ಮಗಳು ಇರುವ ದ್ವೀಪಗಳು ಅದರಲ್ಲಿ ಒಂದು. ಅಲ್ಲಿಯ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು, ಅಂದರೆ ನಿಮ್ಮ ಭಾಲ್ಕಿ ಪಟ್ಟಣದಷ್ಟೂ ಇಲ್ಲ. ಜನರು 13 ಮಂದಿಯನ್ನು ಆರಿಸಿ ಶಾಸನಸಭೆಗೆ ಕಳುಹಿಸುತ್ತಾರೆ. ಪ್ರೀಮಿಯರ್ ಎಂಬ ಮುಖ್ಯಸ್ಥರಿದ್ದಾರೆ, ಮಂತ್ರಿಗಳಿದ್ದಾರೆ. ಆದರೆ ಅವರ ಮೇಲೆ ಲಂಡನ್ನಿನಿಂದ ನೇಮಕವಾಗಿ ಬರುವ ಗವರ್ನರ್ ಇದ್ದಾರೆ. ರಕ್ಷಣೆ, ಒಳಭದ್ರತೆ, ವಿದೇಶಾಂಗ ವ್ಯವಹಾರ ಇವೆಲ್ಲ ಗವರ್ನರರ ಕೈಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿದೇಶಾಂಗ ವ್ಯವಹಾರ ಲಂಡನ್ನಿನದಾದರೆ ಆ ದ್ವೀಪಕ್ಕೆ ಸ್ವಂತ ರಾಯಭಾರಿ ಇಲ್ಲ. ಯಾರ ಮೇಲೆ ತಕರಾರು ಇದೆಯೋ ಅವರೇ ಲೋಕದ ಮುಂದೆ ಅದರ ವಕೀಲರೂ ಹೌದು. ಒಡತಿ ನಿಮ್ಮ ಮಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದು ಅದಕ್ಕೇ ಇರಬೇಕು. ಅಧಿಕೃತ ದಾರಿ ಇಲ್ಲದವರು ಸಿಕ್ಕ ಮನುಷ್ಯರ ಮುಂದೆ ಹೇಳಿಕೊಳ್ಳುತ್ತಾರೆ.

ಅವರ ಹೊಟ್ಟೆಯೊಳಗಿನ ಸಂಕಟಕ್ಕೆ ಹತ್ತಿರದ ಕಾರಣವೂ ಇದೆ. 2021ರಲ್ಲಿ ಅಂದಿನ ಗವರ್ನರ್ ಅಲ್ಲಿಯ ಆಡಳಿತದ ಮೇಲೆ ವಿಚಾರಣಾ ಆಯೋಗ ನೇಮಿಸಿದರು. ಬ್ರಿಟನ್ನಿನ ನಿವೃತ್ತ ನ್ಯಾಯಾಧೀಶ ಗ್ಯಾರಿ ಹಿಕಿನ್‌ಬಾಟಮ್ ಅದನ್ನು ನಡೆಸಿದರು. 2022ರ ಏಪ್ರಿಲ್ 28ರಂದು ಪ್ರೀಮಿಯರ್ ಆಂಡ್ರೂ ಫೇಹಿ ಅಮೆರಿಕದ ಮಯಾಮಿಯಲ್ಲಿ ಮಾದಕವಸ್ತು ಸಾಗಣೆಯ ಆರೋಪದ ಮೇಲೆ ಬಂಧನಕ್ಕೊಳಗಾದರು. ಮರುದಿನವೇ ಆಯೋಗದ ವರದಿ ಹೊರಬಿತ್ತು. ಸಂವಿಧಾನದ ಒಂದು ಭಾಗವನ್ನು ಅಮಾನತಿನಲ್ಲಿಟ್ಟು, ಚುನಾಯಿತ ಸಭೆಯನ್ನು ವಿಸರ್ಜಿಸಿ, ಮೊದಲಿಗೆ ಎರಡು ವರ್ಷ ಗವರ್ನರರೇ ಆಳಲಿ ಎಂಬುದು ವರದಿಯ ಶಿಫಾರಸು.

ದ್ವೀಪದವರಿಗೆ ಅದು ಬರೀ ಕಾಗದದ ಮಾತಾಗಿರಲಿಲ್ಲ. ಅದೇ ಸೀಮೆಯ, ಬ್ರಿಟನ್ನಿನದೇ ಕೈಯಲ್ಲಿರುವ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳಲ್ಲಿ 2009ರ ಆಗಸ್ಟಿನಲ್ಲಿ ಹೀಗೆಯೇ ಭ್ರಷ್ಟಾಚಾರದ ಕಾರಣ ಕೊಟ್ಟು ಶಾಸನಸಭೆಯನ್ನು ಮುಚ್ಚಿದ್ದರು. ಮತ್ತೆ ಚುನಾವಣೆ ಕಂಡದ್ದು 2012ರ ನವೆಂಬರಿನಲ್ಲಿ. ಇದು ಟೊರ್ಟೋಲಾದವರಿಗೆ ನೆನಪಿತ್ತು. ರಾಜಧಾನಿ ರೋಡ್ ಟೌನಿನಲ್ಲಿ ಗವರ್ನರರ ಕಚೇರಿಯ ಮುಂದೆ ಜನ ಫಲಕ ಹಿಡಿದು ನಿಂತರು. ಹೊಸ ಪ್ರೀಮಿಯರ್ ನಟಾಲಿಯೊ ವೀಟ್ಲಿ ವಿರೋಧಪಕ್ಷದವರನ್ನೂ ಕೂಡಿಸಿಕೊಂಡು ಏಕತಾ ಸರ್ಕಾರ ಕಟ್ಟಿದರು. ನೆರೆಯ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್ ನೇರ ಆಳ್ವಿಕೆ ಬೇಡವೆಂದು ಬಹಿರಂಗವಾಗಿ ಹೇಳಿತು. ಜೂನ್ ಹೊತ್ತಿಗೆ ಲಂಡನ್ ಮೆತ್ತಗಾಯಿತು. ಸಭೆ ಉಳಿಯಿತು. ಆದರೆ ಅಮಾನತಿನ ಆದೇಶವನ್ನು ಕಾಯ್ದಿರಿಸಿ ಇಟ್ಟುಕೊಂಡರು.

ನನ್ನ ಅಭಿಪ್ರಾಯ ಇಷ್ಟು. ಫೇಹಿ ಅವರ ಅಪರಾಧ ಆಮೇಲೆ ಅಮೆರಿಕದ ನ್ಯಾಯಾಲಯದಲ್ಲಿ ಸಾಬೀತಾಯಿತು, 2024ರಲ್ಲಿ ಹನ್ನೊಂದು ವರ್ಷಕ್ಕೂ ಮೇಲ್ಪಟ್ಟ ಶಿಕ್ಷೆಯೂ ಆಯಿತು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಮನೆಯಲ್ಲಿ ಕಳ್ಳ ಸಿಕ್ಕರೆ ಕಳ್ಳನನ್ನು ಹಿಡಿಯಬೇಕು, ಮನೆಯವರ ಕೈಯಿಂದ ಬೀಗದ ಕೈ ಕಿತ್ತುಕೊಳ್ಳಬಾರದು. ನಮ್ಮ ಒಂದು ಜಿಲ್ಲಾ ಪಂಚಾಯಿತಿಯಲ್ಲಿ ಅಧ್ಯಕ್ಷರು ಹಣ ತಿಂದರೆಂದು ಇಡೀ ಜಿಲ್ಲೆಯ ಮತದಾನದ ಹಕ್ಕನ್ನು ಎರಡು ವರ್ಷ ಕಿತ್ತಿಟ್ಟರೆ ನೀವು, ನಾನು ಸುಮ್ಮನಿರುತ್ತೇವೆಯೇ?

ಈಗ ನಿಮ್ಮ ದೊಡ್ಡ ಪ್ರಶ್ನೆ. ನಮ್ಮ ಕಡೆ ಹಳ್ಳಿಯಲ್ಲಿ ಬಡವನೊಬ್ಬನ ಬದು ಒತ್ತುವರಿಯಾದರೆ, ಒತ್ತಿದವನು ಬಲಶಾಲಿಯಾಗಿದ್ದರೆ, ಆ ಬಡವ ಏನು ಮಾಡುತ್ತಾನೆ? ದೈವ ಕೂಡಿಸುತ್ತಾನೆ. ಗುಡಿಯ ಕಟ್ಟೆಗೆ ನಾಲ್ಕು ಓಣಿಯ ಹಿರಿಯರನ್ನು ಕರೆದು ಎಲ್ಲರ ಎದುರು ಮಾತನಾಡುತ್ತಾನೆ. ದೈವಕ್ಕೆ ಪೊಲೀಸರಿಲ್ಲ, ಜೈಲಿಲ್ಲ. ಆದರೂ ಬಲಶಾಲಿಗೆ ಅಲ್ಲಿ ಬಂದು ಕುಳಿತು ಉತ್ತರ ಕೊಡುವ ಅನಿವಾರ್ಯ ಬರುತ್ತದೆ. ವಿಶ್ವಸಂಸ್ಥೆಯ ಮುಂದೆ ಹೋಗುವುದೆಂದರೆ ಅದೇ. ಅದು ಚಾಡಿ ಹೇಳುವುದಲ್ಲ.

ಇದನ್ನು ಚೆನ್ನಾಗಿ ಮಾಡಿ ತೋರಿಸಿದ ಸಣ್ಣ ನಾಡೊಂದಿದೆ, ಅದರ ಕಥೆಯನ್ನು ನಿಮ್ಮ ಮಗಳು ಒಡತಿಗೆ ಹೇಳಬಹುದು. ಬಹುಶಃ ಒಡತಿಗೇ ಹೆಚ್ಚು ಗೊತ್ತಿರಬಹುದು, ಅದೂ ಕೆರಿಬಿಯನ್ ಸಮುದ್ರದ ದಂಡೆಯದೇ. ಇಂದಿನ ಬೆಲೀಜ್ 1973ರ ತನಕ ಬ್ರಿಟಿಷ್ ಹೊಂಡುರಾಸ್ ಎಂಬ ವಸಾಹತು. 1954ರಲ್ಲಿ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂತು, 1964ರಲ್ಲಿ ಒಳಾಡಳಿತ ಕೈಗೆ ಬಂತು. ಬ್ರಿಟನ್ ಬಿಟ್ಟುಕೊಡಲು ತಯಾರಿತ್ತು. ಆದರೆ ಪಕ್ಕದ ಗ್ವಾಟೆಮಾಲಾ, ಆ ನೆಲವೆಲ್ಲ ತನ್ನದು ಎನ್ನುತ್ತಿತ್ತು. ಸ್ವಾತಂತ್ರ್ಯ ಬಂದ ಮರುದಿನವೇ ಸೈನ್ಯ ನುಗ್ಗಿದರೆ ಏನು ಗತಿ? ಗ್ವಾಟೆಮಾಲಾಕ್ಕೆ ಒಂದಿಷ್ಟು ನೆಲ ಕೊಟ್ಟು ಮುಗಿಸಿಬಿಡಿ ಎಂಬ ಒತ್ತಡವೂ ಬಂತು.

ಬೆಲೀಜಿನ ನಾಯಕ ಜಾರ್ಜ್ ಪ್ರೈಸ್ ಮತ್ತು ಅವರ ಸಂಗಡಿಗರು ಆಗ ಲೋಕದ ಬಾಗಿಲು ತಟ್ಟಲು ಹೊರಟರು. ಅವರು ಕೇಳಿದ ರೀತಿಯನ್ನು ಗಮನಿಸಬೇಕು. ‘ಗ್ವಾಟೆಮಾಲಾವನ್ನು ಸೋಲಿಸಿಕೊಡಿ’ ಎಂದು ಅವರು ಕೇಳಲಿಲ್ಲ. ‘ಈ ನೆಲದ ಜನ ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳಲಿ, ನೆಲ ತುಂಡಾಗದಿರಲಿ’ ಎಂದು ಕೇಳಿದರು. ಈ ಮಾತಿಗೆ ಇಲ್ಲ ಎನ್ನುವುದು ಯಾವ ದೇಶಕ್ಕೂ ಸುಲಭವಲ್ಲ. 1975ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತಕ್ಕೆ ಹಾಕಿದಾಗ 110 ದೇಶಗಳು ಪರವಾಗಿ, 9 ವಿರುದ್ಧವಾಗಿ ನಿಂತವು, 16 ತಟಸ್ಥವಾಗಿ ಉಳಿದವು. ಮಾತೂ ಸಂಸ್ಕೃತಿಯೂ ಗ್ವಾಟೆಮಾಲಾದೊಂದಿಗೆ ಬೆಸೆದ ಲ್ಯಾಟಿನ್ ಅಮೆರಿಕದ ನೆರೆಯವರೇ ಹಿಂದೆ ಸರಿದಿದ್ದರು. ಬೆಲೀಜಿನವರು ಅವರ ಮನೆಗಳಿಗೇ ಹೋದರು. ಪನಾಮಾದ ಒಮರ್ ಟೊರ್ರಿಹೋಸ್ ಮೊದಲು ಒಲಿದರು, ಆಮೇಲೆ ಒಬ್ಬೊಬ್ಬರಾಗಿ ಬಂದರು. 1980ರ ನವೆಂಬರಿನಲ್ಲಿ ಮತ್ತೆ ಮತ ಹಾಕಿದಾಗ ಪರವಾಗಿ 139, ವಿರುದ್ಧ ಒಂದೂ ಇಲ್ಲ. 1981ರ ಸೆಪ್ಟೆಂಬರ್ 21ರಂದು ಬೆಲೀಜ್ ಸ್ವತಂತ್ರವಾಯಿತು. ಒಂದೂವರೆ ಲಕ್ಷವೂ ಇಲ್ಲದ ಜನ!

ಇನ್ನು ಭಾರತದ ಮಾತು. ವಸಾಹತುಗಳ ವಿಮೋಚನೆಯ ಘೋಷಣೆ 1960ರ ಡಿಸೆಂಬರ್ 14ರಂದು ಆಯಿತು, ಅದನ್ನು ಜಾರಿಗೆ ತರಲು ಮರುವರ್ಷ ಒಂದು ವಿಶೇಷ ಸಮಿತಿ ಹುಟ್ಟಿತು. ಸದಸ್ಯರ ಸಂಖ್ಯೆ 24ಕ್ಕೆ ಏರಿದ್ದರಿಂದ ಅದಕ್ಕೆ ‘24ರ ಸಮಿತಿ’ ಎಂದೇ ಹೆಸರು ನಿಂತಿತು. ಅದರ ಮೊದಲ ಅಧ್ಯಕ್ಷರು ನಮ್ಮ ಸಿ.ಎಸ್. ಝಾ. ಭಾರತ ಇಂದಿಗೂ ಆ ಸಮಿತಿಯಲ್ಲಿದೆ. 2019ರಲ್ಲಿ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ವಿಷಯದಲ್ಲಿ ಬ್ರಿಟನ್ ಅಲ್ಲಿಂದ ಹೊರಡಬೇಕು ಎಂಬ ನಿರ್ಣಯ ಮಹಾಸಭೆಗೆ ಬಂದಾಗ 116 ದೇಶಗಳು ಪರವಾಗಿ ಮತ ಹಾಕಿದವು, ಭಾರತವೂ ಅದರಲ್ಲಿತ್ತು. ವಿರುದ್ಧ ಬಿದ್ದದ್ದು ಆರೇ ಮತ.

ಆದ್ದರಿಂದ ನಿಮ್ಮ ಮಗಳು ಒಡತಿಗೆ ಹೀಗೆ ಹೇಳಲಿ: ‘ಅಮ್ಮಾ, ನಮ್ಮ ದೇಶ ಆ ಸಮಿತಿಯಲ್ಲಿ ಕುಳಿತಿದೆ. ನೀವು ಸ್ವಾತಂತ್ರ್ಯವನ್ನೇ ಕೇಳಿ, ಬ್ರಿಟನ್ನಿನೊಡನೆ ಸಮಾನ ನೆಲೆಯ ಒಡಂಬಡಿಕೆಯನ್ನೇ ಕೇಳಿ, ಅದು ನಿಮ್ಮ ಆಯ್ಕೆ. ನೀವೇ ಆರಿಸಬೇಕು ಎಂಬ ಮಾತಿಗೆ ನಾವು ಕೈ ಎತ್ತುತ್ತೇವೆ.’ ಇದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನಮಗಿಲ್ಲ, ಹೇಳಲೂ ಬಾರದು. ಇನ್ನೊಂದು ಮಾತು ತಂಗಿ, ಇದು ತಾಯಿಯಾದ ನಿಮಗೆ. ಮಗಳು ಅಲ್ಲಿ ಕೆಲಸದ ಪರವಾನಗಿಯ ಮೇಲೆ ಇರುವವಳು. ಒಡತಿಯ ಜೊತೆ ಚಹಾ ಕುಡಿಯುತ್ತಾ ಮಾತನಾಡಲಿ, ಮೆರವಣಿಗೆಗೆ ಮಾತ್ರ ಹೋಗದಿರಲಿ. ಇಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಅಲ್ಲಿ ಮಟಮಟ ಮಧ್ಯಾಹ್ನ. ನೀವು ಊಟ ಮುಗಿಸಿ ಫೋನ್ ಮಾಡುವ ಹೊತ್ತಿಗೆ ಆಕೆಯ ಊಟದ ಬಿಡುವು ಇರಬಹುದು, ಆಗ ಇದನ್ನು ಓದಿ ಹೇಳಿ.

*

ಪ್ರಶ್ನೆ: ಸರ್, ವಿಶ್ವಸಂಸ್ಥೆಯಲ್ಲಿ ರಾಯಭಾರಿಗಳು, ಮಂತ್ರಿಗಳು ಮಾತ್ರ ಮಾತನಾಡುತ್ತಾರೆ ಎಂದು ಪುಸ್ತಕದಲ್ಲಿದೆ. ಯಾವ ಹುದ್ದೆಯೂ ಇಲ್ಲದ ಮನುಷ್ಯ ಅಲ್ಲಿ ಹೋಗಿ ತನ್ನ ಊರಿನ ಕಷ್ಟ ಹೇಳಬಹುದೇ?
— ಪದವಿ ವಿದ್ಯಾರ್ಥಿ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಹೇಳಬಹುದು ತಮ್ಮಾ. ಅಂಥವರಿಗೆ ಅಲ್ಲಿ ‘ಅರ್ಜಿದಾರ’ ಎಂದೇ ಹೆಸರು. ಮಹಾಸಭೆಯ ನಾಲ್ಕನೇ ಸಮಿತಿ ವರ್ಷವರ್ಷವೂ ಇಂಥವರ ಮಾತು ಕೇಳುತ್ತದೆ. ಮೊದಲೇ ಬರೆದು ಅನುಮತಿ ಪಡೆಯಬೇಕು, ಸಿಗುವುದು ಕೆಲವೇ ನಿಮಿಷ.

ಈ ಬಾಗಿಲು ತಾನಾಗಿ ತೆರೆಯಲಿಲ್ಲ. ಇಂದಿನ ನಮೀಬಿಯಾವನ್ನು ಆಗ ನೈಋತ್ಯ ಆಫ್ರಿಕಾ ಎನ್ನುತ್ತಿದ್ದರು. ಅಲ್ಲಿಯ ಹೆರೆರೊ ಜನರನ್ನು ಜರ್ಮನರು 1904ರಿಂದ 1908ರ ನಡುವೆ ಹೆಚ್ಚುಕಡಿಮೆ ನಿರ್ನಾಮ ಮಾಡಿದ್ದರು. ಮೊದಲ ಮಹಾಯುದ್ಧದ ನಂತರ ಆ ನೆಲದ ಮೇಲ್ವಿಚಾರಣೆ ದಕ್ಷಿಣ ಆಫ್ರಿಕಾದ ಕೈಗೆ ಹೋಯಿತು. 1946ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವಸಂಸ್ಥೆಗೆ ಬಂದು, ‘ಅಲ್ಲಿಯ ಜನರನ್ನು ಕೇಳಿದ್ದೇವೆ, ಅವರು ನಮ್ಮೊಳಗೆ ಸೇರಲು ಒಪ್ಪಿದ್ದಾರೆ’ ಎಂದಿತು. ಮಹಾಸಭೆ ಅದನ್ನು ಒಪ್ಪಲಿಲ್ಲ. ಹೆರೆರೊ ಮುಖಂಡ ಹೊಸಿಯಾ ಕುಟಾಕೊ ‘ನಾವು ಒಪ್ಪಿಲ್ಲ’ ಎಂದು ಹೇಳಬೇಕಿತ್ತು, ಆದರೆ ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಲು ಅವರನ್ನು ಬಿಡುವವರು ಯಾರು?

ಮೈಕಲ್ ಸ್ಕಾಟ್ ಎಂಬ ಪಾದ್ರಿ ಹೋದರು. ಆ ಜನರ ನಡುವೆ ಕುಳಿತು ಅವರ ಮಾತನ್ನು ಕೇಳಿ ಬರೆದುಕೊಂಡು, ಅರ್ಜಿಯನ್ನು ಕೈಯಲ್ಲಿ ಹಿಡಿದು ಹೋದರು. ದಕ್ಷಿಣ ಆಫ್ರಿಕಾ ಕಟುವಾಗಿ ವಿರೋಧಿಸಿತು. ಆದರೂ 1949ರಲ್ಲಿ ನಾಲ್ಕನೇ ಸಮಿತಿ ಅವರ ಮಾತಿಗೆ ಕಿವಿಗೊಟ್ಟಿತು. ಆ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಗಟ್ಟಿಯಾಗಿ ದನಿ ಎತ್ತಿದ ದೇಶಗಳಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ ನಮ್ಮದೂ ಒಂದು.

ಫಲ ಯಾವಾಗ ಬಂತು ಎಂದು ಕೇಳುತ್ತೀಯೆ. 1966ರಲ್ಲಿ ಮಹಾಸಭೆ ದಕ್ಷಿಣ ಆಫ್ರಿಕಾದ ಅಧಿಕಾರ ರದ್ದು ಮಾಡಿತು, 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಅಲ್ಲಿ ಅವರ ಇರುವಿಕೆ ಅಕ್ರಮ ಎಂದಿತು. ಚುನಾವಣೆ ನಡೆದದ್ದು 1989ರ ನವೆಂಬರಿನಲ್ಲಿ, ವಿಶ್ವಸಂಸ್ಥೆಯ ಕಣ್ಗಾವಲಿನಲ್ಲಿ. ಆ ಕಾವಲು ಪಡೆಯ ದಂಡನಾಯಕರು ನಮ್ಮ ಲೆಫ್ಟಿನೆಂಟ್ ಜನರಲ್ ಪ್ರೇಮ್‌ಚಂದ್. 1990ರ ಮಾರ್ಚ್ 21ರಂದು ಸ್ವಾತಂತ್ರ್ಯ. ಸ್ಕಾಟ್ ಮಾತನಾಡಿ ನಲವತ್ತು ವರ್ಷವಾಗಿತ್ತು, ಕುಟಾಕೊ ತೀರಿಕೊಂಡು ಇಪ್ಪತ್ತು. ರಾಜಧಾನಿ ವಿಂಡ್‌ಹುಕ್‌ನ ವಿಮಾನ ನಿಲ್ದಾಣಕ್ಕೆ ಈಗ ಅವರದೇ ಹೆಸರಿದೆ. ವಿದೇಶಕ್ಕೆ ಹೋಗಲು ಬಿಡದಿದ್ದ ಮನುಷ್ಯನ ಹೆಸರು ಓದಿಕೊಂಡೇ ಇಂದು ಅಲ್ಲಿಂದ ವಿಮಾನ ಹತ್ತಬೇಕು.

ಪರೀಕ್ಷೆಗೆ ಈ ವರ್ಷಗಳನ್ನು ಬರೆದುಕೋ. ಆದರೆ ನಿಜವಾಗಿ ನೆನಪಿಡಬೇಕಾದದ್ದು, ಆ ಪಾದ್ರಿ ಮೊದಲು ಹೋಗಿ ಕುಳಿತು ಕೇಳಿಸಿಕೊಂಡರು ಎಂಬುದು.

*

ಪ್ರಶ್ನೆ: ಸಣ್ಣ ನಾಡಿನವರು ವಿಶ್ವಸಂಸ್ಥೆಯ ಕದ ತಟ್ಟುವುದು ಅವರ ಹಕ್ಕು ಎಂದು ಹಿಂದೊಮ್ಮೆ ಬರೆದಿದ್ದಿರಿ. ನಮ್ಮ ನಿಜಾಮನೂ ತಟ್ಟಿದ್ದ. ಅವನದು ತಪ್ಪು, ಬೇರೆಯವರದು ಸರಿ ಹೇಗಾಯಿತು? ನನಗೀಗ 87. ಹತ್ತನೇ ವಯಸ್ಸಿನಲ್ಲಿ ರಜಾಕಾರರಿಗೆ ಅಂಜಿ, ಎತ್ತಿನ ಗಾಡಿಯಲ್ಲಿ ರಾತ್ರೋರಾತ್ರಿ ಸೋಲಾಪುರದ ಕಡೆ ಹೋದ ನೆನಪಿದೆ. ಆಗ ನಮ್ಮ ಪರವಾಗಿ ಯಾರೂ ಯಾವ ಕದವನ್ನೂ ತಟ್ಟಲಿಲ್ಲ.
— ಹಿರಿಯ ಓದುಗರು, ಆಳಂದ ತಾಲ್ಲೂಕು

ಉತ್ತರ: ಕಾಕಾ, ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ.

ಆಗ ನಡೆದದ್ದು ಇದು. 1948ರ ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ಭಾರತದ ಮೇಲೆ ದೂರು ಕೊಟ್ಟು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ತಂತಿ ಕಳುಹಿಸಿತು. ಮಂಡಳಿ ಆಗ ಪ್ಯಾರಿಸ್ಸಿನಲ್ಲಿ ಸೇರುತ್ತಿತ್ತು, ನಿಜಾಮರ ಮಂತ್ರಿ ಮೊಯಿನ್ ನವಾಜ್ ಜಂಗ್ ನಿಯೋಗ ಕಟ್ಟಿಕೊಂಡು ಅಲ್ಲಿಗೆ ಹೋದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, 16ರಂದು ಮಂಡಳಿ ವಿಷಯವನ್ನು ಚರ್ಚೆಗೆ ತೆಗೆದುಕೊಂಡಿತು, 17ರಂದು ಇಲ್ಲಿ ಕದನ ನಿಂತಿತು. ಕೆಲವೇ ದಿನಗಳಲ್ಲಿ ನಿಜಾಮರೇ ತಂತಿ ಕೊಟ್ಟು ದೂರನ್ನು ಹಿಂದಕ್ಕೆ ಪಡೆದರು. ಕಾನೂನಿನ ಮಾತಿನಲ್ಲಿ ಹೈದರಾಬಾದ್ ವಸಾಹತಲ್ಲ, ಸಂಸ್ಥಾನ. ಆ ವ್ಯತ್ಯಾಸ ನನಗೆ ಗೊತ್ತಿದೆ. ಆದರೆ ಆಳುವವನ ಆಯ್ಕೆಯಲ್ಲಿ ಆಳಿಸಿಕೊಳ್ಳುವವನಿಗೆ ಪಾಲಿಲ್ಲದ ಕಡೆ ಬದುಕು ಒಂದೇ ತೆರನಾಗಿರುತ್ತದೆ.

ಜನರು ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನರು ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ. ಅದಕ್ಕಾಗಿ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟರು, ಕಣ್ಣು ಬಿಡುವ ಮೊದಲೇ ಅದನ್ನು ನಿಷೇಧಿಸಿದರು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಸೆರೆಮನೆಗೆ ಹೋಗಿ ಬಂದು, ಹೋಗಿ ಬಂದು ಅದೇ ಮಾತನ್ನು ಹೇಳಿದರು. ಪ್ಯಾರಿಸ್ಸಿಗೆ ಹೋದ ನಿಯೋಗ ಆ ಬೇಡಿಕೆಯನ್ನು ಹೊತ್ತು ಹೋಗಿರಲಿಲ್ಲ. ಆಮೇಲೆ 1952ರಲ್ಲಿ ನಮ್ಮ ಗುಲ್ಬರ್ಗದ ಜನ ಆ ಸ್ವಾಮೀಜಿಯನ್ನೇ ಲೋಕಸಭೆಗೆ ಆರಿಸಿ ಕಳುಹಿಸಿದರು.

ನನ್ನ ಮನೆಯ ಟ್ರಂಕಿನಲ್ಲಿ ಒಂದು ಕಾಗದವಿದೆ. ನಮ್ಮ ಅಪ್ಪನದು, ಯುದ್ಧದ ಕಾಲದಲ್ಲಿ ರೈತರು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಜೋಳದ ಸಂಬಂಧ ಕಚೇರಿಗೆ ಕೊಟ್ಟ ಅರ್ಜಿಯ ನಕಲು. ಮಡಿಕೆಯ ಗೆರೆಗಳಲ್ಲಿ ಸವೆದು ನಾಲ್ಕು ತುಂಡಾಗಿದೆ. ಮೇಲೆ ಎಂಟು ಸಾಲು ಉರ್ದು, ಓರೆಯಾಗಿ, ಬಹಳ ಅಂದದ ಅಕ್ಷರ. ಕೆಳಗೆ ಕನ್ನಡದಲ್ಲಿ ಅಪ್ಪನ ಹೆಸರು, ನೆಟ್ಟಗೆ, ಒತ್ತಿ ಬರೆದದ್ದು. ಅಪ್ಪನಿಗೆ ಉರ್ದು ಬರುತ್ತಿರಲಿಲ್ಲ. ಕಚೇರಿಯ ಮುಂದೆ ಬೇವಿನ ಮರದಡಿ ಕುಳಿತ ಅರ್ಜಿ ಬರೆಯುವವರಿಗೆ ಹೇಳಿ ಬರೆಸಿದ್ದು. ‘ಆ ವರ್ಷ ಮಳೆ ಹೋಗಿತ್ತು, ಲೆವಿ ಕಡಿಮೆ ಮಾಡಿ ಎಂದು ಬರೆಸಿದ್ದೆ, ಏನೂ ಆಗಲಿಲ್ಲ’ ಎಂದು ಅಪ್ಪ ಕಡೆಯ ತನಕ ಹೇಳುತ್ತಿದ್ದರು.

ಅವರು ಹೋದ ಮೇಲೆ, ನಮ್ಮ ಕಾಲೇಜಿನ ಉರ್ದು ಅಧ್ಯಾಪಕ ಗೆಳೆಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು, ಕೂಡಲೇ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: ಸರ್ಕಾರದ ದಯೆಯಿಂದ ಸುಖವಾಗಿದ್ದೇವೆ, ಲೆವಿ ತಲುಪಿಸಲು ಹದಿನೈದು ದಿನ ಅವಕಾಶ ಬೇಕು, ಇಷ್ಟೇ ಇದೆ. ಮಳೆಯ ಮಾತಿಲ್ಲ. ಕಡಿಮೆ ಮಾಡಿ ಎಂಬ ಮಾತಿಲ್ಲ. ಬರೆದವರಿಗೆ ಅಂಜಿಕೆ ಇತ್ತೋ, ಇದೇ ವಾಡಿಕೆಯೋ, ನಾನು ಅವರನ್ನು ದೂರುವುದಿಲ್ಲ. ಅಪ್ಪ ತಾವು ಕೇಳದ್ದಕ್ಕೆ ತಮ್ಮ ಹೆಸರು ಬರೆದು ಬಂದಿದ್ದರು.

ಪ್ಯಾರಿಸ್ಸಿನಲ್ಲಿ ಓದಿದ ಅರ್ಜಿಯ ಕೆಳಗೂ ನಿಮ್ಮ ಹೆಸರು, ನಮ್ಮ ಅಪ್ಪನ ಹೆಸರು ಇತ್ತು ಎಂದುಕೊಳ್ಳಿ ಕಾಕಾ, ಹೈದರಾಬಾದಿನ ಪ್ರಜೆಗಳು ಎಂಬ ಲೆಕ್ಕದಲ್ಲಿ. ಮೇಲಿನ ಸಾಲುಗಳು ಮಾತ್ರ ನಮ್ಮವಲ್ಲ. ಬೆಲೀಜಿನ ಅರ್ಜಿಗೂ ಇದಕ್ಕೂ ಇರುವ ಅಂತರ ಅದು. ಅಲ್ಲಿ ಮತ ಹಾಕಿ ಆರಿಸಿದ ಜನರೇ ಮಾತು ಕೊಟ್ಟು ಕಳುಹಿಸಿದ್ದರು.

ಇನ್ನೊಂದನ್ನು ಬಿಟ್ಟು ಮುಂದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರ ಕೈಯಲ್ಲಿ ಸತ್ತವರನ್ನು ನಾವು ಪ್ರತಿ ಸೆಪ್ಟೆಂಬರ್ 17ಕ್ಕೆ ನೆನೆಯುತ್ತೇವೆ, ನೆನೆಯಲೇಬೇಕು. ಆ ಸೆಪ್ಟೆಂಬರಿನ ನಂತರ ಕಲಬುರಗಿ, ಬೀದರ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಏನೂ ಅರಿಯದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಸತ್ತರು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಬಂದು, ಸುತ್ತಿ, ಬರೆದು ಕೊಟ್ಟ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅವರ ಪರವಾಗಿಯೂ ಆಗ ಯಾರೂ ಕದ ತಟ್ಟಲಿಲ್ಲ. ನನ್ನ ಅಪ್ಪನ ಅರ್ಜಿಯನ್ನು ಓದಿ ಹೇಳಿದ ಗೆಳೆಯರ ಅಜ್ಜ ಹೋದದ್ದು ಆ ದಿನಗಳಲ್ಲೇ.

ಎತ್ತಿನ ಗಾಡಿಯ ಆ ರಾತ್ರಿಯನ್ನು ನೀವು ಬರೆಯಬೇಕು ಕಾಕಾ. ಯಾವ ಹಳ್ಳಿಯ ಹಾದಿ ಹಿಡಿದಿರಿ, ಗಾಡಿಯಲ್ಲಿ ಯಾರಿದ್ದರು, ಮನೆಯಲ್ಲಿ ಏನು ಬಿಟ್ಟು ಬಂದಿರಿ, ದಾರಿಯಲ್ಲಿ ನೀರು ಕೊಟ್ಟವರು ಯಾರು. ಬರೆಯಲು ಕೈ ನಡುಗುತ್ತದೆ ಎಂದು ಪತ್ರದ ಅಂಚಿನಲ್ಲಿ ಹೇಳಿದ್ದೀರಿ. ಹಾಗಾದರೆ ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಮುಂದಿನ ಸೋಮವಾರ ಬೆಳಗಿನ ಆಳಂದ ಬಸ್ಸಿಗೆ ಬರುತ್ತೇನೆ. ಬರೆದದ್ದನ್ನು ನಿಮಗೆ ಓದಿ ಹೇಳಿದ ಮೇಲೆಯೇ ಸಹಿ ಮಾಡಿಸಿಕೊಳ್ಳುತ್ತೇನೆ.